ಅರ್ಧ ಕುಡಿದಿಟ್ಟ ಲೋಟ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವರಿಗೆ ರೀಸ್ಟಾರ್ಟ್ ಮಾಮ ಎಂದೇ ಹೆಸರು. ಸುಮ್ಮನೆ ಬಂದದ್ದಲ್ಲ ಬಿಡಿ. ಡಾಕ್ಟರ ಭೇಟಿಗೆ ಸಮಯ ಕಾದಿರಿಸುವ ಅಲ್ಲಿನ ಹಳೇ ವೆಬ್‌ಸೈಟು ದಿನಾ ಹನ್ನೊಂದೂಕಾಲಿಗೆ ಸರಿಯಾಗಿ ಮುಷ್ಕರ ಹೂಡುತ್ತಿತ್ತು. ಮಾಮ ಎದ್ದು ಮೈಮುರಿದು ಸರ್ವರ್ ಯಂತ್ರವನ್ನು ರೀಸ್ಟಾರ್ಟ್ ಮಾಡುವ ಹೊತ್ತಿಗೆ ಕೌಂಟರಿನವರೆಲ್ಲ ಹಾಯಾಗಿ ಟೀ ಕುಡಿದು ಬಂದಿರುತ್ತಿದ್ದರು. ಹದಿನಾಲ್ಕು ವರ್ಷ ಹೀಗೇ ನಡೆದು, ಅದೊಂದು ತೊಂದರೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ನೆನಪಿಸಿದವರು ಹೊಸ ಮ್ಯಾನೇಜರಮ್ಮ. ಶುಕ್ರವಾರ ಇಡೀ ದಿನ ಸೈಟು ನಿಲ್ಲದೆ ನಡೆಯಬೇಕು, ಇಲ್ಲದಿದ್ದರೆ ಅದು ಗುಜರಿಗೆ, ಮಾಮ ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಸೈಟನ್ನು ಬರೆದ ನಾಲ್ವರಲ್ಲಿ ಉಳಿದವರು ಅವರೊಬ್ಬರೇ. ಆದರೂ ಮೀಟಿಂಗಿನಲ್ಲಿ ಜಂಬ ಬಿಡಲಿಲ್ಲ. ಇದು ಬಿಟ್ಟುಹೋದ ಮೂವರಲ್ಲಿ ಒಬ್ಬರ ಘನಕಾರ್ಯ, ಆ ಪುಣ್ಯಾತ್ಮನ ಹೆಸರನ್ನು ನೋಟಿಸ್ ಬೋರ್ಡಿಗೇ ಹಾಕುತ್ತೇನೆ ಎಂದು ಘೋಷಿಸಿದರು.

ಸಂಗತಿ ಇಷ್ಟೇ. ಸೈಟು ವಿವರಗಳೆಲ್ಲ ಇರುವ ಡೇಟಾಬೇಸಿನಿಂದ ಏನಾದರೂ ಕೇಳಬೇಕಾದರೆ ಅಲ್ಲಿರುವ ಇಪ್ಪತ್ತು ಕನೆಕ್ಷನ್‌ಗಳಲ್ಲಿ ಒಂದನ್ನು ಎರವಲು ಪಡೆಯಬೇಕು, ಕೆಲಸ ಮುಗಿದೊಡನೆ ವಾಪಸ್ ಕೊಡಬೇಕು. ಎಲ್ಲೋ ಒಂದು ಕಡೆ ತೆಗೆದುಕೊಂಡದ್ದು ವಾಪಸ್ ಬರುತ್ತಿರಲಿಲ್ಲ. ಇಪ್ಪತ್ತೂ ಖಾಲಿಯಾದರೆ ಸೈಟು ತಾನೇ ಏನು ಮಾಡೀತು, ಪಾಪ! ಮಾಮ ಇಪ್ಪತ್ತನ್ನು ನಲವತ್ತು ಮಾಡಿ ನೋಡಿದರು. ಹನ್ನೊಂದೂಕಾಲಿಗೆ ನಿಲ್ಲುತ್ತಿದ್ದದ್ದು ಎರಡು ಗಂಟೆಗೆ ನಿಂತಿತು. ಟೀ ಹೊತ್ತು ತಪ್ಪಿತೆಂದು ಕೌಂಟರಿನವರು ಮುಖ ಊದಿಸಿಕೊಂಡರು. ಬುಧವಾರವಿಡೀ ಕಣ್ಣಲ್ಲಿ ಕಣ್ಣಿಟ್ಟು ಪ್ರೋಗ್ರಾಮಿನ ಸಾವಿರಾರು ಸಾಲು ಓದಿದರೆ, ಕನೆಕ್ಷನ್ ಪಡೆದ ಪ್ರತಿಯೊಂದು ಕೆಲಸದ ಕೊನೆಯಲ್ಲೂ ವಾಪಸ್ ಕೊಡುವ ಸಾಲು ಇದ್ದೇ ಇತ್ತು. ಆ ದಿನ ಮಾಮನಿಗೆ ಊಟ ರುಚಿಸಲಿಲ್ಲ.

ಗುರುವಾರ ಬೆಳಿಗ್ಗೆ ಮನೆಯಲ್ಲಿ ಮಾಮ ನೀರು ಕೇಳಿದರೆ ಅಡುಗೆಮನೆಯಲ್ಲಿ ಒಂದೂ ಲೋಟವಿಲ್ಲ. ಹೆಂಡತಿ ಕಿಟಕಿಯಿಂದ ಮೂರು, ಬಟ್ಟೆ ಒಗೆಯುವ ಯಂತ್ರದ ಮೇಲಿಂದ ಎರಡು, ಚಪ್ಪಲಿ ಗೂಡಿನ ಮೇಲಿಂದ ಒಂದು ತಂದು ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಅರ್ಧರ್ಧ ನೀರು. ಮಾಮ ರೇಗಿ, ಕುಡಿದ ಲೋಟವನ್ನು ನಾನೇ ತೊಳೆದಿಡುವುದಿಲ್ಲವೇ ಎಂದು ಕೇಳಿದರು.

"ಕುಡಿದು ಮುಗಿಸಿದ್ದು ವಾಪಸ್ ಬರತ್ತೆ, ಯಾರು ಇಲ್ಲ ಅಂದ್ರು?" ಎಂದಳು ಹೆಂಡತಿ. "ಮಧ್ಯದಲ್ಲಿ ಫೋನ್ ಬಂತು ಅಂತ ಎದ್ದು ಹೋಗ್ತೀರಲ್ಲ, ಆ ಲೋಟ ಬರಲ್ಲ."

ಮಾಮನ ತಲೆಯಲ್ಲಿ ಪ್ರೋಗ್ರಾಮಿನ ಸಾಲುಗಳು ಮತ್ತೆ ಓಡಿದವು. ವಾಪಸ್ ಕೊಡುವುದು ಕೊನೆಯಲ್ಲಿ, ಸರಿ. ಆದರೆ ಕೆಲಸ ಕೊನೆ ಮುಟ್ಟುವ ಮೊದಲೇ ಎದ್ದು ಹೋದರೆ? ನೀರೂ ಕುಡಿಯದೆ ಆಫೀಸಿಗೆ ಓಡಿದರು.

ಈ ಸಲ ನಡುವೆ ಕಾಲ್ತೆಗೆಯುವ ಜಾಗಗಳನ್ನು ಮಾತ್ರ ಹುಡುಕಿದರು. ಒಂದೇ ಗಂಟೆಯಲ್ಲಿ ಸಿಕ್ಕಿತು. ರೋಗಿ ಫೋನ್ ನಂಬರಿನಲ್ಲಿ ಒಂದಂಕಿ ಬಿಟ್ಟು ಬರೆದರೆ ಸಾಕು, ಪ್ರೋಗ್ರಾಮು 'ನಂಬರ್ ತಪ್ಪು' ಎಂದು ಹೇಳಿ, ಎರವಲು ತಂದದ್ದನ್ನು ಕೊಡದೆ ಅಲ್ಲಿಂದಲೇ ಜಾಗ ಖಾಲಿ ಮಾಡುತ್ತಿತ್ತು. ಆ ಸಾಲಿನ ಮೇಲೆ ಅದನ್ನು ಬರೆದವರದೇ ಟಿಪ್ಪಣಿ: "ಕನೆಕ್ಷನ್ ವಾಪಸ್ ಕೊಡೋದು ಬಾಕಿ. ಫೋನ್ ಬಂತು, ಬಂದು ನೋಡ್ತೀನಿ." ಕೆಳಗೆ ಹದಿನಾಲ್ಕು ವರ್ಷ ಹಿಂದಿನ ತಾರೀಖು. ಪಕ್ಕದಲ್ಲಿ ಮಾಮನದೇ ಹೆಸರು.

ಟಿಪ್ಪಣಿ ಅಳಿಸಿದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಬೆರಳು ಅಳಿಸುವ ಗುಂಡಿಯ ತನಕ ಹೋಗಿಯೂ ಹೋಯಿತು. ಕೊನೆಗೆ ತಪ್ಪು ತಿದ್ದಿದರು, ಟಿಪ್ಪಣಿಯನ್ನು ಹಾಗೇ ಪ್ರಿಂಟ್ ತೆಗೆದರು.

ಶುಕ್ರವಾರ ಹನ್ನೊಂದೂಕಾಲು ಕಳೆಯಿತು, ಎರಡು ಗಂಟೆಯೂ ಕಳೆಯಿತು, ಸೈಟು ಜಪ್ಪಯ್ಯ ಎಂದರೂ ನಿಲ್ಲಲಿಲ್ಲ. ಟೀ ಹೋಯಿತೆಂದು ಕೌಂಟರಿನವರು ಮಾಮನಿಗೆ ಶಾಪ ಹಾಕಿದರು. ಸಂಜೆ ಮ್ಯಾನೇಜರಮ್ಮ, ನೆಲಮಾಳಿಗೆ ಬೇಡ, ಇಲ್ಲೇ ಇರಿ ಎಂದು ಹೇಳಲು ಬಂದರು. ಮಾಮ ನೋಟಿಸ್ ಬೋರ್ಡಿಗೆ ಆ ಹಾಳೆ ಚುಚ್ಚುತ್ತಿದ್ದರು. ಆಕೆ ಓದಿದರು, ಹೆಸರು ನೋಡಿದರು, ನಗು ತಡೆಯಲು ಕೆಮ್ಮಿದರು. ಅಷ್ಟರಲ್ಲಿ ಮಾಮನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆಯಿರಿ, ಪರವಾಗಿಲ್ಲ ಎಂದರು ಆಕೆ.

"ಇದೊಂದು ಮುಗಿಸ್ಬಿಡ್ತೀನಿ, ಮೇಡಂ," ಎಂದ ಮಾಮ ನಾಲ್ಕನೆಯ ಪಿನ್ನನ್ನೂ ಚುಚ್ಚಿ ಆಮೇಲೆ ಫೋನ್ ತೆಗೆದರು.

"ಸೈಟು ನಿಂತ್ಹೋಯ್ತಾ?" ಎಂದು ಕೇಳಿದಳು ಹೆಂಡತಿ.

"ಇಲ್ಲ ಕಣೇ, ನಿಲ್ಲಲಿಲ್ಲ."

ಅವಳು ಒಂದು ದೊಡ್ಡ ಉಸಿರು ಬಿಟ್ಟಳು. ಆಮೇಲೆ, ಇವತ್ತು ಬೆಳಿಗ್ಗೆ ಅರ್ಧ ಕುಡಿದಿಟ್ಟ ಲೋಟ ಚಪ್ಪಲಿ ಗೂಡಿನ ಮೇಲೆ ಹಾಗೇ ಇದೆ, ಬಂದು ತೊಳೆಯಿರಿ ಎಂದಳು.