ವಾಸಣ್ಣನ ಒಲೆಯ ಮೇಲೆ ನನ್ನ ಹಂಡೆ

ಕಳೆದ ವಾರ ಕಾಪು ಪೇಟೆಯಿಂದ ತಲೆ ಮೇಲೆ ತಾಮ್ರದ ಹಂಡೆ ಹೊತ್ತು ಮನೆಗೆ ಬಂದೆ. ದಾರಿಯಲ್ಲಿ ಕಂಡವರೆಲ್ಲ, "ಹೊಸತಾ ಗಿರಿಜಕ್ಕ?" ಎಂದರು.

ಹೊಸತಲ್ಲ ಮಾರಾಯ್ರೇ, ನನ್ನದೇ!

ಈ ಹಂಡೆಯಲ್ಲಿ ಊರವರ ಭತ್ತ ಬೇಯಿಸಿ ಕೊಡುವುದು ನನ್ನ ಕಸುಬು. ಕುಚ್ಚಲಕ್ಕಿ ತಿನ್ನುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಾ? ಮಗಳ ಬಾಣಂತನಕ್ಕೆ ಕೈಯಲ್ಲಿ ಕಾಸಿಲ್ಲದೆ ಹಂಡೆಯನ್ನು ಅಂಗಡಿಯ ವಾಸಣ್ಣನಲ್ಲಿ ಅಡವಿಟ್ಟಿದ್ದೆ. ಹಂಡೆ ಹೋಯಿತು, ಕಸುಬೂ ಹೋಯಿತು. ಇನ್ನು ಸಾಲ ತೀರಿಸುವುದು ಎಂತದರಿಂದ?

ಈಗ ಸರಕಾರದ ಆರ್ಡರ್ ಬಂದಿದೆ. ಬಡವರ ಸಾಲ ಮನ್ನಾ, ಅಡವಿನ ಸಾಮಾನು ವಾಪಸ್. (ಪೇಪರ್ ಓದಿ ಹೇಳಿದ್ದು ಅಳಿಯ. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಸರಕಾರವೇ ಬದಲಾಗುತ್ತದೆ.)

ಸೀದಾ ಹೋದೆ. ವಾಸಣ್ಣ ಅಂಗಡಿಯ ಹಿಂದಿನ ಅಂಗಳದಲ್ಲಿದ್ದರು. ಅಲ್ಲಿ ಒಲೆಯ ಮೇಲೆ ನನ್ನ ಹಂಡೆ! ಒಳಗೆ ಅವರ ಭತ್ತ ಬೇಯುತ್ತಿದೆ.

"ಸುಮ್ಮನೆ ಇಟ್ಟರೆ ಕಿಲುಬು ಹಿಡಿಯುತ್ತದೆ ಅಂತ..." ಎಂದರು.

"ಹೌದಾ? ಹಾಗಾದರೆ ಅಡವಿಟ್ಟ ಚಿನ್ನವನ್ನು ನಿಮ್ಮ ಹೆಂಡತಿ ಹಾಕಿಕೊಂಡು ತಿರುಗುವುದುಂಟಾ?"

ವಾಸಣ್ಣ ಕೆಮ್ಮಿದರು. "ಆರ್ಡರ್ ಸರಿ ಗಿರಿಜಕ್ಕ, ನನ್ನ ಹಣದ ಕಥೆ ಎಂತ?"

"ಹಂಡೆ ಇಷ್ಟು ದಿನ ನಿಮಗೆ ದುಡಿದಿದೆ, ಬಡ್ಡಿ ಅದರಲ್ಲೇ ತೀರಿತು. ಅಸಲು ನಾನು ದುಡಿದು ಕೊಡ್ತೇನೆ. ಹಂಡೆ ಮಾತ್ರ ಈಗಲೇ ಬೇಕು."

ಭತ್ತ ಬೇಯುವವರೆಗೆ ಅಲ್ಲೇ ಕೂತೆ. ಹಂಡೆ ಆರಿದ ಮೇಲೆ ತೊಳೆದು, ಹೊತ್ತುಕೊಂಡು ಬಂದೆ.

ಮನ್ನಾ ಆದ ಮೇಲೂ ಅಸಲು ಯಾಕೆ ಎಂದು ಅಳಿಯ ಜಗಳಕ್ಕೆ ನಿಂತ. ಯಾಕೆ ಅಂದರೆ, ಬ್ಯಾಂಕಿನವರು ಜಾಗದ ರೆಕಾರ್ಡ್ ಕೇಳಿ ವಾಪಸ್ ಕಳಿಸಿದಾಗ ಕೈ ಹಿಡಿದದ್ದು ವಾಸಣ್ಣ. ಅವರದ್ದೂ ಬೆವರಿನ ಗಂಟೇ. ಅದನ್ನು ಮುಳುಗಿಸಿದರೆ ನಾಳೆ ಇನ್ನೊಬ್ಬಳ ಬಾಣಂತನಕ್ಕೆ ಕೊಡುವವರು ಯಾರು, ಮಂತ್ರಿಗಳಾ?

ನನ್ನನ್ನು ಕೇಳಿದರೆ ಕಾನೂನು ಒಂದೇ ಸಾಕು. ಚಿನ್ನ ಇಟ್ಟುಕೊಳ್ಳಲಿ, ಪಟ್ಟೆಸೀರೆ ಇಟ್ಟುಕೊಳ್ಳಲಿ. ದುಡಿಯುವ ಸಾಮಾನು ಮುಟ್ಟಬಾರದು. (ಬೆಂಗಳೂರಿಗೆ ಯಾರಾದರೂ ಹೋಗುವುದಿದ್ದರೆ ಅಲ್ಲಿ ಹೇಳಿ ಬನ್ನಿ.)

ನಿನ್ನೆ ವಾಸಣ್ಣ ನಮ್ಮ ಜಗಲಿಗೆ ಬಂದಿದ್ದರು. ನನ್ನ ಹಂಡೆ ಅಡವಿಗೆ ಸಿಕ್ಕಿದ ಧೈರ್ಯದಲ್ಲಿ ತಮ್ಮ ಹಳೆ ಹಂಡೆಯನ್ನು ಆಗಲೇ ಗುಜರಿಗೆ ಹಾಕಿಬಿಟ್ಟಿದ್ದರಂತೆ! ಮನೆಯಲ್ಲಿ ಭತ್ತ ನೆನೆದು ಕೂತಿತ್ತು. ಅವತ್ತೇ ಬೇಯಿಸದಿದ್ದರೆ ಮರುದಿನ ಮೊಳಕೆ.

"ಒಂದು ದಿನಕ್ಕೆ ಹಂಡೆ ಕೊಡಿ ಗಿರಿಜಕ್ಕ."

"ಕೊಡುವಾ, ಅದಕ್ಕೆಂತ. ಅಡವಿಗೆ ಎಂತ ತಂದಿದ್ದೀರಿ?"