ಟಾಕಿಯ ಮೇಲೆ ಕೂತ ಪಂಪು

ಅತ್ತೆಗೆ ಎರಡೂ ಭುಜ ಹಿಡಿದುಕೊಂಡು ಕೈ ಎದೆಗಿಂತ ಮೇಲೆ ಏಳದಂತಾದಾಗ, ಸ್ನಾನ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಸೀರೆಯೊಂದನ್ನು ಮೈಗೆ ಸುತ್ತಿಕೊಂಡೇ ಅವರು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು. ನಾನು ತಂಬಿಗೆಯಿಂದ ನೀರು ಹಾಕುತ್ತಿದ್ದೆ. ಸೊಸೆಯೆದುರು ಮೈ ತೆರೆಯಲು ಅವರಿಗೆ ಜೀವ ಹೋದಷ್ಟು ಸಂಕೋಚ. ಸೀರೆಯ ಮೇಲಿಂದ ತಿಕ್ಕಿದರೆ ಮೈ ಎಷ್ಟು ಹಸನಾದೀತು?

"ನಾ ಒಬ್ಬಾಕೀನ ಜಳಕಾ ಮಾಡೂವಂಗ ಏನರ ಮಾಡಪಾ" ಎಂದು ಒಮ್ಮೆ ಮಗನಿಗೆ ಹೇಳಿದರು.

ನಮ್ಮ ಮನೆಯವರು ಶವರು ಹಾಕಿಸಿದರು. ಹೊಳೆದಂಡೆಯ ನಮ್ಮೂರು ಜುಗೂಳದಲ್ಲಿ ನಮ್ಮದು ಒಂದೇ ಅಂತಸ್ತಿನ ಮನೆ, ನೀರಿನ ಟಾಕಿ ಮಾಳಿಗೆಯ ಮೇಲೆಯೇ ಕೂತಿದೆ. ಅಷ್ಟೇ ಎತ್ತರದಿಂದ ಇಳಿಯುವ ನೀರಿಗೆ ಜೋರು ಬರಲಿಲ್ಲ, ಶವರಿನಿಂದ ಹನಿಹನಿ ತೊಟ್ಟಿಕ್ಕಿತು. ಚಿಕ್ಕೋಡಿಯಿಂದ ಪಂಪು ತಂದರು.

ಟಾಕಿಯ ಬುಡದಲ್ಲಿ ಕೂರಿಸಿ ಎಂದು ಅಂಗಡಿಯವನು ಹೇಳಿದ್ದನಂತೆ. ಇವರು ಕೇಳಬೇಕಲ್ಲ. ಮಳೆಗಾಲದಲ್ಲಿ ಹೊಳೆ ಏರಿದಂತೆಲ್ಲ ಹೊಲಕ್ಕೆ ನೀರೆತ್ತುವ ದಂಡೆಯ ಮೋಟಾರನ್ನು ಮುಳುಗದಂತೆ ಮೇಲಕ್ಕೆಳೆದು ಎಳೆದು ರೂಢಿಯಾದ ಮನುಷ್ಯ. ಮೋಟಾರೆಂದರೆ ಎತ್ತರದಲ್ಲಿರಬೇಕು, ಮುಗಿಯಿತು. ಟಾಕಿಯ ಪಕ್ಕ ಕಟ್ಟೆ ಕಟ್ಟಿಸಿ, ಮುಚ್ಚಳಕ್ಕಿಂತ ಮೇಲೆ ಅದನ್ನು ಕೂರಿಸಿದರು.

"ಹೊಳಿ ಮಾಳಗಿ ಮಟಾ ಬಂದ್ರ ಜಳಕಾ ಯಾರ್ ಮಾಡ್ತಾರ್ರಿ?" ಎಂದೆ.

"ನಿನಗ ತಿಳಿಯೂದಿಲ್ಲ, ಸುಮ್ಮನಿರು."

ಆ ಪಂಪಿಗೆ ನೀರು ತಾನಾಗಿ ಇಳಿದು ಬರಬೇಕು, ಆಗಲೇ ಅದು ಮುಂದಕ್ಕೆ ತಳ್ಳುತ್ತದೆ. ಟಾಕಿಗಿಂತ ಮೇಲೆ ಕೂತದ್ದು ಬರೀ ಗಾಳಿ ಎಳೆಯಿತು. ಅದಕ್ಕಾಗಿ ದಿನಾ ಬೆಳಿಗ್ಗೆ ಯಾರಾದರೂ ಮೇಲೇರಿ ಪಂಪಿನ ಬಾಯಿಗೆ ತಂಬಿಗೆ ನೀರು ಹಾಕಿ ಬರಬೇಕು. ಆ ಯಾರಾದರೂ ಎಂದರೆ ನಾನೇ. ಇಷ್ಟಾದರೂ ನಡುವೆ ನಿಂತುಬಿಡುತ್ತಿತ್ತು. ಆಗ ಮೈಯೆಲ್ಲ ಸಾಬೂನಾದ ಅತ್ತೆಗೆ ನಾನೇ ಒಳಗೆ ಹೋಗಿ ನೀರು ಹಾಕಬೇಕು. ಹಾಗಾಗಿ ಆ ಸೀರೆ ಅವರ ಮೈಬಿಟ್ಟು ಇಳಿಯಲೇ ಇಲ್ಲ.

"ನನಗ ನೀರು ಹಾಕಾಕಿ ಈಗ ಪಂಪಿಗೂ ಹಾಕಾಕತ್ತಾಳ. ಇದೇನ್ ಸುಧಾರಸ್ತೋ?" ಎಂದು ಅತ್ತೆ ಮಗನನ್ನು ಕೇಳಿದರು. ಇವರು ತಟ್ಟೆ ನೋಡುತ್ತ ರೊಟ್ಟಿ ಮುರಿದರು.

ನನಗೆ ಸಿಟ್ಟು ನೆತ್ತಿಗೇರಿತು. "ನಾಳಿಂದ ನಾ ಏರೂದಿಲ್ಲ. ನೀವ ಏರ್ರಿ" ಎಂದು ತಂಬಿಗೆಯನ್ನು ಇವರ ಮುಂದಿಟ್ಟೆ.

ಕೆಲವು ದಿನ ಏರಿದರು. ಒಂದು ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಹೋಗುವುದನ್ನು ಬಿಟ್ಟು ಪಂಪನ್ನು ಕೆಳಗಿಳಿಸಿ ಟಾಕಿಯ ಬುಡದಲ್ಲಿ ಕೂರಿಸಿದರು. ಅದರ ಕೆಳಗೆ ಹಳೇ ಟೈರಿನ ತುಂಡನ್ನೂ ಇಟ್ಟರು, ಸದ್ದು ಕಡಿಮೆಯಾಗಲೆಂದು.

ಮರುದಿನ ಅತ್ತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ರೂಢಿಯಂತೆ ನಾನು ಬಾಗಿಲ ಹೊರಗೆ ನಿಂತೆ. ಒಳಗೆ ನೀರು ಒಂದೇ ಸಮನೆ ಬೀಳುತ್ತಿತ್ತು. ಬಹಳ ಹೊತ್ತಾಯಿತು. ಕೂಗಬೇಕೆನಿಸಿತು, ಕೂಗಲಿಲ್ಲ.

ಒಣ ಸೀರೆಯುಟ್ಟು ಹೊರಬಂದವರು ನನ್ನನ್ನು ನೋಡಿ, "ಇನ್ನೂ ಇಲ್ಲೇ ನಿಂತೀಯೇನ?" ಎಂದರು.

ಜಳಕಕ್ಕೆ ಸುತ್ತಿಕೊಳ್ಳುತ್ತಿದ್ದ ಆ ಹಳೆಯ ಸೀರೆಯನ್ನು ಹಿಂಡಿ ಹರವಲು ಒಳಗೆ ಹೋದೆ. ಅದು ಗೂಟದ ಮೇಲೆ, ನಾನು ಮಡಚಿಟ್ಟಂತೆಯೇ ಇತ್ತು, ಒಂದು ಹನಿಯೂ ತಾಗಿರಲಿಲ್ಲ.