ನಾಲ್ಕು ಬಣ್ಣ, ಒಂಬತ್ತು ಚಿತ್ರ

ಸವಿತಾ, ಮಲ್ಲು,

ರಾಟರ್‌ಡ್ಯಾಮಿಗೆ ಬಂದ ಮರುದಿನ ನನ್ನ ಮಗಳು, ನಿಮ್ಮ ಸೋದರತ್ತೆ ರೇಣುಕಾಳ ಅಡುಗೆಮನೆಯ ಕಪಾಟು ತೆರೆದವಳು ಹಾಗೆಯೇ ಮುಚ್ಚಿಬಿಟ್ಟೆ. ಒಳಗಿನ ಅಷ್ಟೂ ಬಾಟಲಿಗಳ ಮೇಲೆ ಮೂಲೆಯೂರಿ ನಿಂತ ಚೌಕ, ಅದಕ್ಕೆ ಕೆಂಪು ಅಂಚು. ಪಾತ್ರೆ ತಿಕ್ಕುವ ಸಾಬೂನಿನ ಮೇಲೂ ಅದೇ. ನಮ್ಮೂರು ಕನ್ನೊಳ್ಳಿಯಲ್ಲಿ ಕೆಂಪು ಗುರುತಿನ ಡಬ್ಬಿಯನ್ನು ನಾವು ಮನೆಯೊಳಗೆ ತರುತ್ತಿರಲಿಲ್ಲ. ಇಲ್ಲಿ ಅದು ಅಡುಗೆ ಎಣ್ಣೆಯಿಂದ ಒಂದು ಮೊಳ ದೂರದಲ್ಲಿತ್ತು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ಬಣ್ಣಗಳ ಅರ್ಥ ಕಲಿಸಿದರು. ಚೌಕದ ಕೆಳಗಿನ ಅರ್ಧ ಕೆಂಪಿದ್ದರೆ ಕಡು ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಸೌಮ್ಯ. ಅಷ್ಟು ಗೊತ್ತಿಟ್ಟುಕೊಂಡು ಅವರು ಇರುವವರೆಗೂ ತೊಗರಿಗೆ, ನಿಂಬೆ ಗಿಡಗಳಿಗೆ ಔಷಧ ಕಲಸಿಕೊಟ್ಟೆ. ತಪ್ಪಲಿಲ್ಲ.

ಇಲ್ಲಿ ಎಲ್ಲದಕ್ಕೂ ಕೆಂಪೇ ಇದ್ದುದರಿಂದ ಅದು ಕಂಪನಿಯ ಗುರುತು ಅಂದುಕೊಂಡೆ. ರೇಣುಕಾಳನ್ನು ಕೇಳಬಹುದಿತ್ತು. ಬಂದರಿಗೆ ಇಳಿಯುವ ರಾಸಾಯನಿಕಗಳ ಮೇಲಿನ ಚೀಟಿ ಸರಿಯಿದೆಯೋ ಇಲ್ಲವೋ ನೋಡುವುದೇ ಅವಳ ಕೆಲಸ. ಆದರೆ ನಲ್ಲಿ ತಿರುಗಿಸುವುದರಿಂದ ಬಾಗಿಲು ಹಾಕುವವರೆಗೆ ಎಲ್ಲವನ್ನೂ ಕೇಳಿ ಕೇಳಿ ನನಗೆ ನಾಚಿಕೆಯಾಗಿತ್ತು. ಜೋಳದ ಹಿಟ್ಟು ಸಿಗುವ ಅಂಗಡಿಯನ್ನು ಒಬ್ಬಳೇ ಹೋಗಿ ಹುಡುಕಿ ಬಂದಿದ್ದೆ; ಆ ಧೈರ್ಯವೂ ಇತ್ತು.

ಒಂದು ಶನಿವಾರ ಬಚ್ಚಲ ಕೊಳವೆ ಕಟ್ಟಿಕೊಂಡಿತು. ಅದನ್ನು ಬಿಡಿಸಲು ಸುರಿಯುವ ಔಷಧದ ನೀರು ಹಸಿರು ಡಬ್ಬಿಯಲ್ಲಿತ್ತು. ಮುಚ್ಚಳವನ್ನು ಒತ್ತಿ ತಿರುಗಿಸಬೇಕು, ಮಕ್ಕಳು ತೆರೆಯಬಾರದೆಂದು ಹಾಗೆ ಮಾಡಿದ್ದು. ನನಗೂ ತೆರೆಯಲಾಗಲಿಲ್ಲ. ಕೊನೆಗೆ ತೆರೆದಾಗ, ಮತ್ತೆ ಈ ಗೋಳು ಬೇಡವೆಂದು ಉಳಿದದ್ದನ್ನು ಹಣ್ಣಿನ ರಸದ ಖಾಲಿ ಬಾಟಲಿಗೆ ಸುರಿದಿಟ್ಟೆ. ಆ ಬಾಟಲಿಯ ಚೀಟಿಯನ್ನು ಮೊದಲೇ ನೆನೆಸಿ, ತಿಕ್ಕಿ ತೆಗೆದಿದ್ದೆ. ಊರಲ್ಲಿ ಯಾವ ಡಬ್ಬಿಯನ್ನು ನಾವು ಹಾಗೆ ತೊಳೆದಿಟ್ಟುಕೊಂಡಿಲ್ಲ?

ಸ್ವಲ್ಪ ಹೊತ್ತಿಗೆ ರೇಣುಕಾಳ ಮೂರು ವರ್ಷದ ಮಗಳು ಗೌರಿ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನನ್ನ ಬಳಿ ಬಂದಳು. “ಆಯಿ, ಸಪ್!” ಸಪ್ ಎಂದರೆ ಇಲ್ಲಿ ಹಣ್ಣಿನ ರಸ. ನಾನು ನಗುತ್ತಾ ಏಳುವಷ್ಟರಲ್ಲಿ ರೇಣುಕಾ ಬಾಟಲಿಯನ್ನು ಕಸಿದುಕೊಂಡಳು. ಮುಚ್ಚಳ ಸಡಿಲವಿತ್ತು. ಅವಳ ಮುಂಗೈ ಮೇಲೆ ಚೆಲ್ಲಿತು.

“ಏನೈತವ್ವಾ ಇದರಾಗ?”

“ಬಚ್ಚಲಕ್ಕ ಹಾಕೂದು. ಹಸಿರು ಡಬ್ಬಿದು. ಹಸಿರಂದ್ರ ಸೌಮ್ಯ ಅಲ್ಲೇನ?”

ನಲ್ಲಿಯ ಕೆಳಗೆ ಕೈ ಹಿಡಿದು ಅವಳು ಬಹಳ ಹೊತ್ತು ನಿಂತಳು. ಚರ್ಮ ಕೆಂಪಗೆ ಉಬ್ಬಿತ್ತು.

“ಅಪ್ಪ ಕಲಿಸಿದ್ದು ಹೊಲದ ಔಷಧಕ್ಕ. ಇಲ್ಲಿ ಡಬ್ಬಿ ಬಣ್ಣ ಬರೇ ಚಂದಕ್ಕ. ಕೆಂಪು ಗೆರಿ ಎಲ್ಲಾದಕ್ಕೂ ಇರತೈತಿ, ಒಳಗಿನ ಚಿತ್ರ ನೋಡಬೇಕು.” ಡಬ್ಬಿ ತೋರಿಸಿದಳು. ಒಂದು ಕೈಯ ಮೇಲೆ ಹನಿ ಬಿದ್ದು ಮಾಂಸ ಕರಗುವ ಚಿತ್ರ. ಕೆಳಗೆ “ಖೆಫಾರ್” ಎಂಬ ಮಾತು; ಅಪಾಯ ಅಂತ.

“ಎಲ್ಲಾ ದೇಶದವ್ರು ಕೂಡಿ ಒಂದ ಗುರುತು ಇಡಬಾರದೇನ?”

“ಅದನ್ನ ಮಾಡಾಕತ್ತಾರ. ಚಿತ್ರ ಒಂದ ಮಾಡ್ಯಾರ, ಯಾವುದು ಎಷ್ಟು ಅಪಾಯ ಅನ್ನೂದು ಇನ್ನೂ ಪೂರಾ ಹೊಂದಿಲ್ಲ. ಮಾಲು ಹೊಂಟ ದೇಶದಾಗ ಒಂದು ಚೀಟಿ, ಮುಟ್ಟಿದ ದೇಶದಾಗ ಇನ್ನೊಂದು. ಅವನ್ನ ಹೊಂದಿಸಿ ಹೊಂದಿಸಿ ನನ್ನ ಕಣ್ಣು ಹೋದುವು. ನೀ ನೋಡಿದ್ರ ಚೀಟಿನ ಕಿತ್ತಿ ಒಗದಿ!”

“ನನ್ನ ಊರಿಗೆ ಕಳಿಸಿಬಿಡು. ಕೂಸಿನ ಜೋಡಿ ನನ್ನ ಬಿಡಬ್ಯಾಡ.”

ಅವಳು ಒಂದು ವಾರ ರಜೆ ಹಾಕಿ ಮನೆಯಲ್ಲೇ ಕುಳಿತಳು. ನನ್ನನ್ನು ನಂಬಲಾಗದೆ ಎಂದು ನನಗೆ ಗೊತ್ತಿತ್ತು. ಆದರೆ ದಿನವೂ ಊಟವಾದ ಮೇಲೆ ಡಬ್ಬಿಗಳ ಮೇಲಿನ ಅಕ್ಷರವನ್ನು ಕೈಯಿಂದ ಮುಚ್ಚಿ ಚಿತ್ರದ ಅರ್ಥ ಕೇಳುತ್ತಿದ್ದಳು. ಒಟ್ಟು ಒಂಬತ್ತು.

“ಇದು?”

“ಬೆಂಕಿ.”

“ಇದು?”

“ಒಣಗಿದ ಗಿಡ, ಸತ್ತ ಮೀನ. ಹಳ್ಳಕ್ಕ ಚೆಲ್ಲಬಾರದು.”

ಮುತ್ಯಾನ ನಾಲ್ಕು ಬಣ್ಣಗಳಲ್ಲಿ ಮೀನು ಇರಲಿಲ್ಲ. ನಾವು ಔಷಧದ ಪಂಪು ತೊಳೆಯುತ್ತಿದ್ದದ್ದು ಹಳ್ಳದಲ್ಲೇ.

ರಜೆ ಮುಗಿದ ಸೋಮವಾರ ರೇಣುಕಾ ಕೆಲಸಕ್ಕೆ ಹೊರಟಳು. ಕಪಾಟಿಗೆ ಹೊಸ ಬೀಗ ಹಾಕಿಸಿದ್ದಳು. ಆ ಬೀಗದ ಕೈ ಅವಳೊಂದಿಗೇ ಹೋಗುತ್ತದೆ ಅಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿದವಳು ತಿರುಗಿ ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟಳು. “ಗೌರಿಗೆ ಹನ್ನೆರಡಕ್ಕ ಉಣಸು,” ಎಂದಷ್ಟೇ ಹೇಳಿ ಹೋದಳು.

ಕನ್ನೊಳ್ಳಿ ಮನೆಯ ಬೀಗದ ಕೈಗಳನ್ನು ನಿಮ್ಮ ಅವ್ವನಿಗೆ ಕೊಟ್ಟು ಬಂದಾಗ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಈಗ ಸೆರಗಿನ ಗಂಟಿನಲ್ಲಿ ಇದೊಂದು ಇದೆ. ನಿಮ್ಮನ್ನು ನೋಡಬೇಕೆಂದು ದಿನವೂ ಅನ್ನಿಸುತ್ತದೆ. ಊರಿಗೆ ಹೋಗುತ್ತೇನೆ ಎಂದು ರೇಣುಕಾಳಿಗೆ ಹೇಳಲು ಹೋದವಳು, ಈ ಬೀಗದ ಕೈಯನ್ನು ಯಾರಿಗೆ ಕೊಟ್ಟು ಬರಲಿ ಎಂದು ಸೆರಗಿನ ಗಂಟು ಮುಟ್ಟಿಕೊಂಡು ಹಿಂದಿರುಗುತ್ತೇನೆ.